ಗೇಜ್ ಹಾಕದ ಟ್ರೇ

ಹನ್ನೊಂದು ಪೆಟ್ಟಿಗೆ ಕಾರ್ಖಾನೆಗೆ ವಾಪಸ್ ಬಂದಿದ್ದವು. ಗಾಡಿಯವನು ಅವನ್ನು ಬಾಗಿಲ ಬಳಿ ಒಂದರ ಮೇಲೊಂದು ಪೇರಿಸಿ, ಸಹಿ ಹಾಕಿಸಿಕೊಂಡು, ತಿರುಗಿಯೂ ನೋಡದೆ ಹೊರಟುಹೋದ. ಗೇಜಕ್ಕ ತನ್ನ ತಪಾಸಣೆಯ ಮೇಜಿನಿಂದಲೇ ಕತ್ತು ಚಾಚಿ ನೋಡಿದಳು. ಪ್ರತಿ ಪೆಟ್ಟಿಗೆಗೂ ಒಂದು ಹಳದಿ ಚೀಟಿ ಕಟ್ಟಿರುತ್ತದೆ. ಅದರಲ್ಲಿ ತಾರೀಕು, ಪ್ರೆಸ್ಸಿನಲ್ಲಿ ಒತ್ತಿದವನ ನಂಬರು, ಕೊನೆಗೆ 'ನೋಡಿದೆ' ಎಂದು ಅವಳದೇ ಸಹಿ. ಹನ್ನೊಂದು ಚೀಟಿಯಲ್ಲೂ ನಂಬರು ನಾಲ್ಕು. ನಾಲ್ಕು ಅವಳ ಗಂಡನ ನಂಬರು. ಅವನು ತೀರಿಕೊಂಡು ಐದು ವಾರವಾಗಿತ್ತು.

ಕಾರ್ಖಾನೆಯ ಯಜಮಾನರು ಕಾಗದ ಹಿಡಿದುಕೊಂಡು ಬಂದು ಮೇಜಿನ ಆಚೆ ನಿಂತರು. ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವರು. ಅವರ ಅಪ್ಪನ ಕಾಲದಿಂದ ಇರುವವಳು ಎಂದು ಅವಳನ್ನು ಅಕ್ಕ ಎನ್ನುತ್ತಿದ್ದರು.

"ಪಂಪಿನ ಕಂಪನಿಯವರು ಇದ್ದದ್ದನ್ನೆಲ್ಲ ಕಳಿಸಿದ್ದಾರೆ ಅಕ್ಕ. ಬುಷ್ಷು ಕೂತ ಜಾಗದಲ್ಲಿ ನಿಲ್ಲದೆ ತಾನೂ ತಿರುಗ್ತಿದೆಯಂತೆ. ಜಾಯಿಂಟ್ ಬಿಟ್ಟಿದೆ ಅಂತ ಬರೆದಿದ್ದಾರೆ."

"ನಾಲ್ಕನೇ ನಂಬರಿನದಾ?"

"ಅದೇ ನಂಗೂ ಅರ್ಥ ಆಗ್ತಿಲ್ಲ."

ಬುಷ್ ಅಂದರೆ ದೊಡ್ಡ ವಸ್ತುವೇನಲ್ಲ. ಹೆಬ್ಬೆರಳಿಗೆ ತೊಡಿಸಬಹುದಾದಂಥ ಒಂದು ಲೋಹದ ಬಳೆ. ತಿರುಗುವ ದಂಡಕ್ಕೂ ಅದರ ಗೂಡಿಗೂ ನಡುವೆ ಕೂತು, ಎರಡನ್ನೂ ಕಾಪಾಡಿ, ತಾನು ಸವೆಯುವುದಷ್ಟೇ ಅದರ ಕೆಲಸ. ಕಾರ್ಖಾನೆಗೆ ಅದು ಸುರುಳಿ ಸುತ್ತಿದ ಪಟ್ಟಿಯಾಗಿ ಬರುತ್ತದೆ; ಒಂದು ಮೈ ಉಕ್ಕು, ಇನ್ನೊಂದು ಮೈ ತೆಳ್ಳನೆಯ ಕಂಚು. ಮೊದಲನೇ ಪ್ರೆಸ್ ಅದನ್ನು ತುಂಡು ಮಾಡಿ ಎಣ್ಣೆಗೆಂದು ತೂತು ಹಾಕುತ್ತದೆ. ಎರಡನೆಯದು ಕುದುರೆ ಲಾಳದ ಹಾಗೆ ಬಗ್ಗಿಸುತ್ತದೆ. ಆಮೇಲೆ ಆ ಲಾಳವನ್ನು ಒಂದು ಸರಳಿಗೆ ಸುತ್ತಿ, ಡೈ ಎನ್ನುವ ಉಕ್ಕಿನ ಅಚ್ಚಿನಲ್ಲಿಟ್ಟು, ಎರಡು ತುದಿಗಳ ನಡುವೆ ಕೂದಲೆಳೆಯೂ ನುಸುಳದಂತೆ ಮುಚ್ಚಬೇಕು; ತುದಿಗಳು ಕೂಡುವ ಆ ಗೆರೆಯೇ ಜಾಯಿಂಟು. ಸಾವಿರಗಟ್ಟಲೆ ಬೇಕಾದರೆ ಅದಕ್ಕೂ ಯಂತ್ರವಿತ್ತು. ಸಣ್ಣ ಆರ್ಡರುಗಳನ್ನು ಮಾತ್ರ ಕೈ ಪ್ರೆಸ್ಸಿನಲ್ಲಿ ಮುಚ್ಚುತ್ತಿದ್ದರು. ಆ ಪ್ರೆಸ್ಸಿನ ತಲೆಯ ಮೇಲೆ ಅಡ್ಡಲಾಗಿ ಒಂದು ಹಿಡಿಕೆ, ಅದರ ತುದಿಗೆ ಕಬ್ಬಿಣದ ಗುಂಡು. ಅದನ್ನು ಬೀಸಿ ಎಳೆದರೆ ತಿರುಪು ಇಳಿದು ಏಟು ಬೀಳುತ್ತದೆ. ಏಟು ಎಷ್ಟು ಬಿಗಿಯಾಗಿ ಬಿತ್ತು ಎನ್ನುವುದಕ್ಕೆ ಎಳೆದ ಕೈಯೇ ಸಾಕ್ಷಿ.

ಆ ಪ್ರೆಸ್ಸಿನಲ್ಲಿ ಉಳಿದವರು ಎರಡು ಏಟು ಹಾಕುತ್ತಿದ್ದರು, ಕೆಲವರು ಮೂರು. ಅವಳ ಗಂಡನಿಗೆ ಒಂದೇ ಸಾಕು. ಅದಕ್ಕೇ ಅವನ ಹೆಸರು 'ಒಂದೇಟು' ಅಂತಲೇ ಆಗಿಹೋಗಿತ್ತು. ಹೊಸಬರು ಅದೇ ಅವನ ನಿಜವಾದ ಹೆಸರು ಎಂದುಕೊಂಡು ಹಾಜರಿ ಪುಸ್ತಕದಲ್ಲಿ ಹುಡುಕಿದ್ದೂ ಉಂಟು.

"ಪಟ್ಟಿಗೆ ತಾನು ಮೊದಲು ನೆಟ್ಟಗಿದ್ದೆ ಅನ್ನೋದು ಮರೆಯೋದಿಲ್ಲ," ಎನ್ನುತ್ತಿದ್ದ. "ಮೆಲ್ಲಗೆ ಒತ್ತಿದರೆ ಮತ್ತೆ ಬಾಯಿ ಬಿಡುತ್ತೆ. ಒಂದೇ ಸಲಕ್ಕೆ ಮರೆಸಿಬಿಡಬೇಕು."

"ಮದುವೆಯಾದ ಗಂಡಸಿನ ಹಾಗೆ," ಎಂದು ಪಕ್ಕದ ಪ್ರೆಸ್ಸಿನವನು ಸೇರಿಸುತ್ತಿದ್ದ. ಅವನು ಹಾಗೆ ಅಂದಾಗಲೆಲ್ಲ ಎಲ್ಲರೂ ಗೇಜಕ್ಕನ ಕಡೆ ನೋಡುವುದು, ಅವಳು ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಅವನತ್ತ ಎಸೆಯುವುದು, ಇದು ವಾರಕ್ಕೊಂದು ಸಲವಾದರೂ ನಡೆಯುತ್ತಿತ್ತು.

ಅವಳು ಆ ಮೇಜಿಗೆ ಬಂದು ಹತ್ತೊಂಬತ್ತು ವರ್ಷ. ಓದಿದ್ದು ಏಳನೇ ತರಗತಿ. ಮದುವೆಯಾದ ಮೂರನೇ ವರ್ಷ, ಬುಷ್‌ಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುವ ಕೆಲಸಕ್ಕೆ ಸೇರಿದಳು. ತೊಳೆಯುತ್ತಾ ತೊಳೆಯುತ್ತಾ ಕೆಟ್ಟದ್ದನ್ನು ತಾನೇ ಬೇರೆ ತೆಗೆದಿಡಲು ಶುರುಮಾಡಿದಳು. ಹಳೆಯ ಯಜಮಾನರು ಅದನ್ನು ಗಮನಿಸಿ ಕೈಗೆ ಗೇಜ್ ಕೊಟ್ಟರು. ಮೂರು ಸಾಮಾನು: ಹೊರಗಿನ ಅಳತೆಗೆ ಒಂದು ಉಂಗುರ, ಒಳಗಿನದಕ್ಕೆ ಎರಡು ತುದಿಯ ಸರಳು, ಜಾಯಿಂಟಿಗೆ ಒಂದು ತೆಳ್ಳನೆಯ ಉಕ್ಕಿನ ಎಲೆ. ಸರಳಿನ ಒಂದು ತುದಿ ಒಳಗೆ ಹೋಗಬೇಕು, ಇನ್ನೊಂದು ಹೋಗಬಾರದು. ಎಲೆ ಜಾಯಿಂಟಿನೊಳಗೆ ಎಲ್ಲೂ ಇಳಿಯಬಾರದು. ಇಷ್ಟೇ. ಆದರೆ ದಿನಕ್ಕೆ ಎಂಟು ನೂರು ಸಲ 'ಇಷ್ಟೇ' ಮಾಡುವುದಕ್ಕೆ ಒಂದು ಮನಸ್ಸು ಬೇಕು. ಅವಳಿಗೆ ಅದಿತ್ತು. ಒಮ್ಮೆ ಆ ಹಳೆಯ ಯಜಮಾನರ ಸ್ವಂತ ಅಳಿಯ ಒತ್ತಿದ ಇಡೀ ಟ್ರೇಯನ್ನು ಕೆಟ್ಟದ್ದಕ್ಕೆಂದಿದ್ದ ಕೆಂಪು ಡಬ್ಬಿಗೆ ಸುರಿದು, "ಬೇಕಾದರೆ ನೀವೇ ಅಳೆದು ನೋಡಿ," ಎಂದು ಗೇಜನ್ನು ಅವನ ಮುಂದೆಯೇ ಇಟ್ಟವಳು. ಅಂದಿನಿಂದ ಗೇಜಕ್ಕ.

ಮೊದಲ ವರ್ಷ ಗಂಡನ ಟ್ರೇಯನ್ನೂ ಒಂದೊಂದಾಗಿ ಅಳೆದಳು. ಮಧ್ಯಾಹ್ನ ಚಹಾ ಕುಡಿಯುವಾಗ ಅವನು ಕೇಳುತ್ತಿದ್ದ, "ಕೆಟ್ಟದ್ದು ಸಿಕ್ತಾ?"

"ಇನ್ನೂ ಇಲ್ಲ. ಸಿಗುತ್ತೆ ಇರಿ, ಎಲ್ಲಿ ಹೋಗುತ್ತೆ?"

ಸಿಗಲಿಲ್ಲ. ಎರಡನೇ ವರ್ಷವೂ ಸಿಗಲಿಲ್ಲ. ಆಮೇಲೆ ಹತ್ತಕ್ಕೊಂದು ನೋಡಿದಳು. ಆಮೇಲೆ ಟ್ರೇಗೊಂದು. ಅದಾದ ಮೇಲೆ ಅದೂ ಬೇಡವಾಯಿತು. ಅವನ ಟ್ರೇ ಬಂದರೆ ಮೇಲಿಂದ ಕೈಯಾಡಿಸಿ, ಚೀಟಿಗೆ ಸಹಿ ಹಾಕಿ, ಮುಂದಕ್ಕೆ ತಳ್ಳುತ್ತಿದ್ದಳು. ಇದು ಸೋಮಾರಿತನವಲ್ಲ. ಉಳಿದ ಹೊತ್ತನ್ನು ಬೇರೆಯವರ ಟ್ರೇಗೇ ಕೊಡುತ್ತಿದ್ದಳು. ಅವನದ್ದನ್ನು ಅಳೆಯುವುದೆಂದರೆ ಅವಳಿಗೆ ಅವನ ಮಾತನ್ನೇ ಸುಳ್ಳೆಂದು ಅನುಮಾನಿಸಿದ ಹಾಗಿತ್ತು. "ಗಂಡನ ಟ್ರೇಗೆ ಗೇಜಿಲ್ಲ" ಎಂದು ಎಲ್ಲರೂ ಚುಡಾಯಿಸುತ್ತಿದ್ದರು. ನಿಜ ಹೇಳಬೇಕೆಂದರೆ ಆ ಚುಡಾಯಿಸುವಿಕೆ ಅವಳಿಗೆ ಇಷ್ಟವಾಗುತ್ತಿತ್ತು. ಮಕ್ಕಳಿಲ್ಲದ ಆ ಮನೆಯಲ್ಲಿ ಗಂಡ ಹೆಂಡತಿಯರಿಬ್ಬರಿಗೇ ಸೇರಿದ ಹೆಮ್ಮೆ ಎನ್ನುವುದು ಅದೊಂದೇ ಇತ್ತು.

ಒಂದು ದಿನ ಅವನ ಬಲಗೈಯಿಂದ ಟ್ರೇ ಜಾರಿ ಬಿತ್ತು. ಬುಷ್‌ಗಳು ನೆಲದ ತುಂಬ ಉರುಳಿದವು. ಅವನು ಬಗ್ಗಿ ಹೆಕ್ಕಲು ಹೋದರೆ ಬೆರಳುಗಳು ಮಡಚಲೇ ಇಲ್ಲ. ಯಜಮಾನರು ಮನೆಗೆ ಹೋಗಿ ಮಲಗು ಎಂದರು. ಎಣ್ಣೆ ತಿಕ್ಕಿದರು, ಮಾತ್ರೆ ತಿಂದ. ಹದಿನೈದು ದಿನ ಕಳೆಯುವಷ್ಟರಲ್ಲಿ ಕಾಲೂ ಎಳೆಯತೊಡಗಿದಾಗ, ಅವನ ತಾಯಿಯನ್ನೂ ಜೊತೆ ಮಾಡಿಕೊಂಡು ದೊಡ್ಡ ಆಸ್ಪತ್ರೆಗೆ ಕರೆದೊಯ್ದಳು. ಕತ್ತಿನ ಮೂಳೆಯೊಳಗೆ ನರಕ್ಕೆ ಒತ್ತಿಕೊಂಡಂತೆ ಒಂದು ಗಡ್ಡೆ.

"ಕೈ ಸೋಲೋಕೆ ಶುರುವಾಗಿದ್ದು ಯಾವಾಗಿಂದ?" ಎಂದು ಡಾಕ್ಟರು ಕೇಳಿದರು.

"ಹದಿನೈದು ದಿನದಿಂದ," ಅಂದಳು. ಹಾಸಿಗೆಯ ಮೇಲಿದ್ದ ಗಂಡ ಅವಳನ್ನೇ ನೋಡಿದ.

"ಅದಕ್ಕೂ ಮುಂಚೆ ಏನೂ ಇರಲಿಲ್ವಾ? ಸರಿಯಾಗಿ ನೆನಪು ಮಾಡ್ಕೊಳ್ಳಿ."

"ಇದ್ದಿದ್ರೆ ನಂಗೆ ಗೊತ್ತಾಗ್ತಿರಲಿಲ್ವಾ ಡಾಕ್ಟ್ರೇ? ದಿನಾ ಇವರ ಕೈ ಕೆಲಸ ನೋಡೋಳೇ ನಾನು."

ಆಪರೇಷನ್ ಆದ ನಾಲ್ಕನೇ ದಿನ ಅವನು ಹೋದ. ಬೆನ್ನು ತಿರುಗಿಸುವ ಮುಂಚೆ ಡಾಕ್ಟರು ಒಂದು ಮಾತು ಹೇಳಿದ್ದರು. "ಹದಿನೈದೇ ದಿನದಲ್ಲಿ ಇಷ್ಟಾದರೆ ಯಾರೂ ಏನೂ ಮಾಡೋಕಾಗಲ್ಲಮ್ಮ. ಎರಡು ಮೂರು ತಿಂಗಳ ಮುಂಚೆಯೇ ಸುಳಿವು ಸಿಕ್ಕಿದ್ರೆ ಬೇರೆ ಮಾತಾಗಿರ್ತಿತ್ತು."

ಈ ಐದು ವಾರ ಅವಳೂ ಅತ್ತೆಯೂ ಹಿಡಿದುಕೊಂಡು ನಿಂತಿದ್ದು ಆ ಮಾತನ್ನೇ. ಮಾತಾಡಿಸಲು ಬಂದವರಿಗೆಲ್ಲ ಅತ್ತೆ ಅದನ್ನೇ ಹೇಳುವರು. "ಹದಿನೈದೇ ದಿನ. ಯಾರಿಗೆ ಗೊತ್ತಾಗ್ತಿತ್ತು ಹೇಳಿ?" ಬಂದವರು ಹೌದು ಹೌದು ಎಂದು ತಲೆಯಾಡಿಸುವರು. ಅವಳು ಒಳಗಿನಿಂದ ಅದನ್ನು ಕೇಳಿಸಿಕೊಂಡು ಒಲೆಯ ಮುಂದೆ ಸ್ವಲ್ಪ ಉಸಿರು ಬಿಡುವಳು.

ಈಗ ಯಜಮಾನರು ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡರು. ದನಿ ತಗ್ಗಿಸಿ ಹೇಳಿದರು.

"ನೋಡಿ ಅಕ್ಕ, ಪಟ್ಟಿಯೇ ಸರಿ ಇರಲಿಲ್ಲ ಅಂತ ಬರೆದು ಕಳಿಸಿಬಿಡೋಣ. ಇವನ್ನೆಲ್ಲ ಕರಗಿಸೋಕೆ ಹಾಕೋಣ. ಹೋದವರ ಹೆಸರು ಯಾಕೆ ಎಳೆದು ತರೋದು?"

"ಅಳೆಯದೆ ಹೇಗೆ ಬರೀತೀರಿ?"

"ಅಳೆದು ಏನಾಗಬೇಕು?"

"ಅವರದ್ದಲ್ಲ ಅಂತ ಗೊತ್ತಾಗಬೇಕು," ಅಂದಳು. ಅಷ್ಟು ನಂಬಿಕೆ ಇನ್ನೂ ಇತ್ತು. ಡೈ ಸವೆದಿರಬೇಕು, ಇಲ್ಲವೇ ಪಂಪಿನ ಗೂಡೇ ದೊಡ್ಡದಾಗಿರಬೇಕು. ಒಂದೇಟಿನ ಮೇಲೆ ಯಾರೋ ಸುಳ್ಳು ಹೊರಿಸುತ್ತಿದ್ದಾರೆ ಎಂಬ ಸಿಟ್ಟಿನಲ್ಲೇ ಅವಳು ಮೊದಲ ಪೆಟ್ಟಿಗೆಯ ಹಗ್ಗ ಬಿಚ್ಚಿದಳು.

ಪಂಪಿನದು ಸಣ್ಣ ಆರ್ಡರು, ಹತ್ತು ಹನ್ನೊಂದು ದಿನಕ್ಕೊಂದು ಪೆಟ್ಟಿಗೆ ತುಂಬುತ್ತಿತ್ತು; ಅದರ ಕೊನೆಯ ಟ್ರೇ ಬಂದಾಗ ಚೀಟಿಗೆ ಸಹಿ. ಎಲ್ಲಕ್ಕಿಂತ ಈಚಿನದನ್ನು ಮೊದಲು ತೆಗೆದಳು; ಟ್ರೇ ಬಿದ್ದ ದಿನದ ಹಿಂದಿನ ಸಂಜೆ ತುಂಬಿದ್ದು. ಮೊದಲನೇ ಬುಷ್‌ನ ಜಾಯಿಂಟಿಗೆ ಎಲೆ ಇಟ್ಟಳು. ಇಳಿಯಿತು. ತಡೆಯೇ ಇಲ್ಲದೆ, ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಎರಡನೆಯದರಲ್ಲೂ ಇಳಿಯಿತು. ಎಲೆಯನ್ನು ಒರೆಸಿ, ಕಣ್ಣಿಗೆ ಹಿಡಿದು, ತಾನು ತಪ್ಪಿ ಇನ್ನೂ ತೆಳುವಾದ ಎಲೆ ತೆಗೆದುಕೊಂಡಿಲ್ಲವಲ್ಲ ಎಂದು ನೋಡಿಕೊಂಡಳು. ಅದೇ ಎಲೆ. ಇಪ್ಪತ್ತು ನೋಡಿದರೆ ಹದಿನಾಲ್ಕು ಬಾಯಿ ಬಿಟ್ಟಿದ್ದವು.

ಪಕ್ಕದ ಪ್ರೆಸ್ಸಿನವನು ಕೆಲಸ ನಿಲ್ಲಿಸಿ ಹತ್ತಿರ ಬಂದ. "ಬಿಡಿ ಅಕ್ಕ, ಕೊನೇ ವಾರ ಅಲ್ವಾ, ಹುಷಾರಿರಲಿಲ್ಲ."

"ಹೌದು. ಕೊನೇ ವಾರ," ಎಂದಳು. ಸ್ವಲ್ಪ ಧೈರ್ಯ ಬಂತು. ಎರಡನೇ ಪೆಟ್ಟಿಗೆ ಬಿಚ್ಚಿದಳು.

ಅದರಲ್ಲೂ ಇತ್ತು. ಇಪ್ಪತ್ತಕ್ಕೆ ಹನ್ನೊಂದು. ಮೂರನೆಯದರಲ್ಲಿ ಒಂಬತ್ತು. ಅವಳು ಎಲೆಯನ್ನು ಮೇಜಿನ ಮೇಲಿಟ್ಟಳು. ಇದು ಹದಿನೈದು ದಿನದ ಮಾತಲ್ಲ. ಇನ್ನು ಮುಂದೆ ಬಿಚ್ಚುವ ಒಂದೊಂದು ಪೆಟ್ಟಿಗೆಯೂ ಡಾಕ್ಟರ ಪ್ರಶ್ನೆಗೆ ಅವಳು ಕೊಟ್ಟ ಉತ್ತರವನ್ನು ಹತ್ತು ಹತ್ತು ದಿನ ಹಿಂದಕ್ಕೆ ತಳ್ಳುತ್ತದೆ. ಇಲ್ಲಿಗೇ ನಿಲ್ಲಿಸಬಹುದಿತ್ತು. ಯಜಮಾನರು ದಾರಿಯನ್ನೂ ತೋರಿಸಿದ್ದರು. ಅವಳು ಒಂದು ಲೋಟ ನೀರು ಕುಡಿದು, ಸ್ಟೂಲನ್ನು ಮುಂದಕ್ಕೆಳೆದುಕೊಂಡು, ನಾಲ್ಕನೆಯದನ್ನು ಬಿಚ್ಚಿದಳು.

ಊಟದ ಗಂಟೆ ಹೊಡೆಯಿತು. ಅವಳು ಏಳಲಿಲ್ಲ. ಐದನೆಯದು, ಆರನೆಯದು, ಏಳನೆಯದು. ಕೆಟ್ಟವುಗಳ ಸಂಖ್ಯೆ ಇಳಿಯುತ್ತಾ ಬಂದಿತ್ತು: ಆರು, ನಾಲ್ಕು, ಎರಡು. ಎಂಟನೆಯದರಲ್ಲಿ ಇಪ್ಪತ್ತಕ್ಕೆ ಒಂದೇ ಒಂದು. ಒಂಬತ್ತನೆಯದರಲ್ಲಿ ಎಲೆ ಯಾವುದರಲ್ಲೂ ಇಳಿಯಲಿಲ್ಲ. ಅಬ್ಬಾ ಎಂದುಕೊಂಡು ಒಂದನ್ನು ಬೆಳಕಿಗೆ ಹಿಡಿದಳು.

ಡೈಯ ಅಂಚು ಬುಷ್‌ನ ಬೆನ್ನಿನ ಮೇಲೆ ಒಂದು ಸಣ್ಣ ಗೆರೆ ಬಿಡುತ್ತದೆ. ಅವನು ಒತ್ತಿದ್ದರಲ್ಲಿ ಅಂಥ ಗೆರೆ ಯಾವತ್ತೂ ಒಂದೇ. ಇದರಲ್ಲಿ ಎರಡಿತ್ತು. ಒಂದಕ್ಕೊಂದು ತಾಗಿದಂತೆ, ಅಕ್ಕಿಕಾಳಿನಷ್ಟು ಅಂತರದಲ್ಲಿ. ಇನ್ನೊಂದು ತೆಗೆದಳು. ಅದರಲ್ಲೂ ಎರಡು. ಒಂದೇಟಿನ ಮೇಸ್ತ್ರಿ ಎರಡು ಏಟು ಹಾಕಿದ್ದ. ಮೊದಲ ಏಟು ಸಾಲದು ಎಂದು ಅವನ ಕೈಗೆ ತಿಳಿದಿತ್ತು. ಯಾರೂ ನೋಡದಂತೆ, ಸದ್ದಿನಲ್ಲಿ ಸದ್ದು ಸೇರಿಸಿ, ಇನ್ನೊಂದು ಏಟು ಹಾಕಿ ಮುಚ್ಚಿದ್ದ.

ಆ ಪೆಟ್ಟಿಗೆಯ ಚೀಟಿಯನ್ನು ತಿರುಗಿಸಿ ನೋಡಿದಳು. ಅವಳ ಸಹಿ ಅದರಲ್ಲಿ ಕೆಂಪು ಶಾಯಿಯಲ್ಲಿತ್ತು. ಉಳಿದವೆಲ್ಲ ನೀಲಿ. ಅದನ್ನು ನೋಡಿದ್ದೇ ತಡ, ಆ ದಿನ ಇಡಿಯಾಗಿ ಕಣ್ಣ ಮುಂದೆ ಬಂದು ನಿಂತಿತು.

ಅವತ್ತು ಅವಳ ಪೆನ್ನು ಬರೆಯುತ್ತಿರಲಿಲ್ಲ. ಅವನೇ ಟ್ರೇ ಹೊತ್ತು ಮೇಜಿನ ತನಕ ಬಂದಿದ್ದ, ಯಾವತ್ತೂ ಹಾಗೆ ಬರುವವನಲ್ಲ. ಅವಳು ಅವನ ಜೇಬಿನಿಂದ ಕೆಂಪು ಪೆನ್ನು ಕಿತ್ತುಕೊಂಡು ಸಹಿ ಹಾಕಲು ಹೋದಾಗ ಅವನು ಅಂದಿದ್ದ, "ಇವತ್ತು ಒಂದ್ಸಲ ಗೇಜ್ ಹಾಕಿ ನೋಡೇ."

"ಯಾಕ್ರೀ, ನಿಮ್ಮ ಮೇಲೆ ನಿಮಗೇ ಅನುಮಾನ ಬಂತಾ?"

"ಸುಮ್ನೆ. ನೋಡು."

"ಹತ್ತೊಂಬತ್ತು ವರ್ಷ ಆದಮೇಲೆ ಪರೀಕ್ಷೆಗೆ ಕೂರ್ತಾರಂತೆ, ನೋಡ್ರೋ ಇವರನ್ನ!" ಎಂದು ಅವಳು ಗಟ್ಟಿಯಾಗಿ ಹೇಳಿದ್ದಳು. ಅತ್ತಿಂದ ಇತ್ತಿಂದ ಎಲ್ಲರೂ ನಕ್ಕಿದ್ದರು. ಅವನೂ ನಕ್ಕ. ಬಲಗೈಯನ್ನು ಒಮ್ಮೆ ಪ್ಯಾಂಟಿಗೆ ಒರೆಸಿಕೊಂಡು ತನ್ನ ಪ್ರೆಸ್ಸಿಗೆ ಹೋದ. ಅವಳು ಸಹಿ ಹಾಕಿ ಟ್ರೇಯನ್ನು ತಳ್ಳಿದಳು.

ಕೈ ಸೋಲುತ್ತಿದೆ ಎಂದು ಬಾಯಿ ಬಿಟ್ಟು ಹೇಳಲಾರದವನು, ಅದನ್ನು ಗೇಜಿನಿಂದ ಹೇಳಿಸಬೇಕೆಂದು ಬಂದಿದ್ದ. ಬುಷ್ ಎತ್ತಿ ಬೆಳಕಿಗೆ ಹಿಡಿದಿದ್ದರೆ ಸಾಕಿತ್ತು. ಎರಡು ಗೆರೆ ಕಂಡಿದ್ದರೆ ಅವಳು ಬಿಡುತ್ತಿದ್ದಳೇ? ಅವತ್ತು ಸಂಜೆಯೇ ಮುಂದೆ ಕೂರಿಸಿಕೊಂಡು ಬಾಯಿ ಬಿಡಿಸುತ್ತಿದ್ದಳು. ಆ ದಿನದಿಂದ ಟ್ರೇ ಬೀಳುವವರೆಗೆ ಎಣಿಸಿದಳು. ಎಂಬತ್ತೆಂಟು ದಿನ.

ಹತ್ತು, ಹನ್ನೊಂದನೇ ಪೆಟ್ಟಿಗೆಗಳನ್ನೂ ಬಿಚ್ಚಿದಳು. ಅವೆರಡರಲ್ಲಿ ಇಪ್ಪತ್ತಕ್ಕೆ ನಿಲ್ಲಿಸದೆ ಎಲ್ಲವನ್ನೂ ನೋಡಿದಳು. ಒಂದೇ ಗೆರೆ, ಎಲೆ ಇಳಿಯದ ಜಾಯಿಂಟು, ಉಂಗುರದಲ್ಲಿ ಗಟ್ಟಿಯಾಗಿ ಕೂರುವ ಮೈ. ಅಲ್ಲಿಯವರೆಗೆ ಅವನು ಅವನೇ ಆಗಿದ್ದ.

ಸಂಜೆ ಐದರ ಹೊತ್ತಿಗೆ ಯಜಮಾನರು ವಾಪಸಾತಿಯ ಕಾಗದ ತಂದಿಟ್ಟರು. ಕಾರಣ ಎಂಬಲ್ಲಿ ನಾಲ್ಕು ಚೌಕ: ಪಟ್ಟಿ, ಡೈ, ಪ್ರೆಸ್, ತಪಾಸಣೆ. ಅವಳು ನಾಲ್ಕನೆಯದಕ್ಕೆ ಗುರುತು ಹಾಕಿದಳು. ಪಕ್ಕದಲ್ಲಿ ಬರೆದಳು: 'ನೋಡದೆ ಸಹಿ ಹಾಕಿದ್ದೇನೆ.'

ಯಜಮಾನರಿಗೆ ಗಾಬರಿಯಾಯಿತು. "ಏನಕ್ಕ ಇದು? ಹೀಗೆ ಬರೆದು ಕಳಿಸಿದರೆ ನಿಮ್ಮನ್ನ ಈ ಮೇಜಿನಲ್ಲಿ ಇಟ್ಕೊಳ್ಳೋಕೆ ಕಂಪನಿಯವರು ಬಿಡ್ತಾರಾ?"

"ಬಿಡಬೇಡಿ. ಮತ್ತೆ ತೊಳೆಯೋ ಕೆಲಸ ಕೊಡಿ."

"ಪ್ರೆಸ್ ಅಂತ ಹಾಕಿದ್ರೂ ಆಗ್ತಿತ್ತಲ್ಲ. ಹೋದವರಿಗೆ ಈಗ ಏನಾಗಬೇಕಿದೆ?"

"ಪ್ರೆಸ್ಸಿನವನು ಕೇಳಿಕೊಂಡಿದ್ದ ಸರ್, ನೋಡು ಅಂತ," ಎಂದಳು. ಯಜಮಾನರಿಗೆ ಎಷ್ಟು ಅರ್ಥವಾಯಿತೋ, ಕಾಗದ ತೆಗೆದುಕೊಂಡು ಒಳಗೆ ಹೋದರು.

ಮನೆ ಎಂದರೆ ಮಹಡಿಯ ಮೇಲಿನ ಎರಡು ಕೋಣೆ. ಮೆಟ್ಟಿಲ ಪಕ್ಕದ ಕಿಟಕಿಯ ಹತ್ತಿರ ಅತ್ತೆ ಯಾವಾಗಲೂ ಕೂರುವರು. ಇವತ್ತು ಕೆಳಗಿನ ಮನೆಯಾಕೆ ಜೊತೆಗಿದ್ದಳು. ಮೆಟ್ಟಿಲು ಹತ್ತುವಾಗಲೇ ಮಾತು ಕೇಳಿಸಿತು, ಅದೇ ಮಾತು, ಹದಿನೈದೇ ದಿನ, ಯಾರಿಗೆ ಗೊತ್ತಾಗ್ತಿತ್ತು. ಗೇಜಕ್ಕ ನಡುಮೆಟ್ಟಿಲಲ್ಲಿ ನಿಂತಳು. ಇದನ್ನೂ ಮುದುಕಿಯ ಕೈಯಿಂದ ಕಿತ್ತುಕೊಳ್ಳಬೇಕೇ ಎನ್ನಿಸಿತು. ಕಿತ್ತುಕೊಳ್ಳದೆ ಹೋದರೆ, ತನ್ನ ತಪ್ಪನ್ನು ದಿನವೂ ಅವರ ಬಾಯಿಂದಲೇ ತೊಳೆಸಿಕೊಂಡ ಹಾಗೆ. ಕೆಳಗಿನಾಕೆ ಇಳಿದು ಹೋಗುವವರೆಗೆ ಗೋಡೆಗೆ ಒರಗಿ ನಿಂತಿದ್ದು, ಆಮೇಲೆ ಹತ್ತಿದಳು.

"ಯಾಕೇ ಇಷ್ಟು ತಡ? ಮುಖ ಯಾಕೆ ಹಾಗಾಗಿದೆ? ಊಟ ಮಾಡಿದ್ಯೋ ಇಲ್ವೋ?"

ಅವಳು ಚೀಲವನ್ನೂ ಇಳಿಸದೆ ಅತ್ತೆಯ ಮುಂದೆ ನೆಲಕ್ಕೆ ಕೂತಳು. ಪೆಟ್ಟಿಗೆ ಬಂದದ್ದರಿಂದ ಶುರುಮಾಡಿ ಎಲ್ಲವನ್ನೂ ಹೇಳಿದಳು. ಎಲೆ ಇಳಿದದ್ದು, ಎರಡು ಗೆರೆ, ಕೆಂಪು ಪೆನ್ನು, ತಾನು ಆಡಿದ ಹಾಸ್ಯ, ಎಂಬತ್ತೆಂಟು ದಿನ. "ಹದಿನೈದು ದಿನ ಅಲ್ಲ ಅತ್ತೆ. ನಾನು ಡಾಕ್ಟರಿಗೆ ತಪ್ಪು ಹೇಳಿದೆ. ಅವರು ನಂಗೆ ತೋರಿಸೋಕೆ ಬಂದಿದ್ರು, ನಾನು ನೋಡಲಿಲ್ಲ."

ಅತ್ತೆ ಬೈಯಬಹುದೆಂದು ಕಾದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮುದುಕಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ, ಕಿಟಕಿಯ ಕಡೆಗೇ ನೋಡುತ್ತಾ ಕೂತಿದ್ದರು.

"ಅಂಗಿ ಗುಂಡಿ ಹಾಕಿಸ್ಕೊಳ್ಳೋಕೆ ನನ್ನ ಹತ್ರ ಬರ್ತಿದ್ದ," ಎಂದರು ಕೊನೆಗೆ.

"ಯಾರು?"

"ಇನ್ಯಾರು? ನೀನು ಬೆಳಿಗ್ಗೆ ನೀರು ಹಿಡಿಯೋಕೆ ಕೆಳಗೆ ಹೋಗಿರ್ತಿದ್ದೆ. ಅಮ್ಮಾ, ಹಾಕು ಅಂತ ಬಂದು ನಿಲ್ತಿದ್ದ. ಅಷ್ಟು ದೊಡ್ಡ ಗಂಡಸು. ಏನೋ ಇದು ಮಗು ಥರ ಅಂದ್ರೆ, ನಿನ್ನ ಕೈಲಿ ಹಾಕಿಸ್ಕೊಳ್ಳೋಣ ಅಂತ ಆಸೆ ಅಂತಿದ್ದ. ವಯಸ್ಸಾದ ಮೇಲೆ ಮಗನಿಗೆ ಅಮ್ಮನ ಮೇಲೆ ಮತ್ತೆ ಪ್ರೀತಿ ಉಕ್ಕಿದೆ ಅಂದ್ಕೊಂಡೆ. ಬೆಳಗಾಗೋದನ್ನೇ ಕಾಯ್ತಿದ್ದೆ ಕಣೇ ನಾನು." ಸೆರಗನ್ನು ಬಿಟ್ಟು ಸೊಸೆಯ ಕಡೆ ತಿರುಗಿದರು. "ಆಸ್ಪತ್ರೆಯಲ್ಲಿ ಡಾಕ್ಟ್ರು ಕೇಳಿದಾಗ ನಂಗೆ ಗೊತ್ತಾಯ್ತು, ಯಾಕೆ ಬರ್ತಿದ್ದ ಅಂತ. ನೀನು ಹದಿನೈದು ದಿನ ಅಂದೆ. ಸದ್ಯ, ಅದೇ ಇರಲಿ ಅಂತ ಸುಮ್ಮನಾದೆ."

ಇಷ್ಟು ದಿನ ಬಂದವರೆದುರಿಗೆಲ್ಲ ಅತ್ತೆ ಆ ಮಾತನ್ನು ಅಷ್ಟು ಒತ್ತಿ ಒತ್ತಿ ಹೇಳಿದ್ದು ಯಾರಿಗಾಗಿ ಎಂದು ಅವಳಿಗೆ ಈಗ ತಿಳಿಯಿತು. ಮುಂದಕ್ಕೆ ಸರಿದು ಮುದುಕಿಯ ಮೊಣಕಾಲಿನ ಮೇಲೆ ಕೈ ಇಟ್ಟಳು.

"ಯಾವಾಗಿಂದ ಬರ್ತಿದ್ರು ಅತ್ತೆ?"

"ಚಳಿ ಇನ್ನೂ ಬಿಟ್ಟಿರಲಿಲ್ಲ. ಆ ಸ್ವೆಟರ್ ಮೇಲೆ ಹಾಕ್ತಿದ್ನಲ್ಲ, ಆಗಿಂದ. ಮೊದಲು ಕತ್ತಿನ ಗುಂಡಿ ಒಂದೇ. ಆಮೇಲೆ ಎಲ್ಲಾನೂ."

ಅವಳು ಮನಸ್ಸಿನಲ್ಲೇ ತಿಂಗಳು ಎಣಿಸಿದಳು. ಚಳಿ ಬಿಡುವ ಮುಂಚೆ ಎಂದರೆ ಒಂಬತ್ತನೇ ಪೆಟ್ಟಿಗೆಗೂ ಮುಂಚೆ. ಹತ್ತಕ್ಕೂ ಮುಂಚೆ, ಹನ್ನೊಂದಕ್ಕೂ ಮುಂಚೆ. ಬೆಳಿಗ್ಗೆ ಅಂಗಿಯ ಗುಂಡಿ ತೂರಿಸಲಾರದ ಕೈಯನ್ನು ತಾಯಿಯ ಮುಂದೆ ಹಿಡಿದು, ಅದೇ ಕೈಯಲ್ಲಿ ಅವನು ಕಬ್ಬಿಣದ ಗುಂಡನ್ನು ಒಂದೇ ಏಟಿಗೆ ಬೀಸಿ ಎಳೆದಿದ್ದ. ದಿನವಿಡೀ.

"ಬೈಯಿ ನನ್ನ," ಎಂದರು ಅತ್ತೆ. "ಹೆತ್ತವಳಿಗೆ ತಿಳೀಬೇಕಿತ್ತು."

"ಆ ಚಳಿ ದಿನಗಳಲ್ಲಿ ಅವರು ಒತ್ತಿದ್ದನ್ನೆಲ್ಲ ಇವತ್ತು ನೋಡಿದೆ ಅತ್ತೆ," ಎಂದಳು ಅವಳು. "ಒಂದೊಂದನ್ನೂ ಕೈಗೆತ್ತಿಕೊಂಡು ನೋಡಿದೆ. ಒಂದೂ ಕೆಟ್ಟಿಲ್ಲ."